ಎರಡನೆಯ ದಿನದ ಸೈಕಲ್ಲು

ದರ್ಜಿ ಅಂಗಡಿಯಲ್ಲಿ ಅಕ್ಕ ತನ್ನ ತಂಗಿಗೆ ಇಟ್ಟ ಹೆಸರು ‘ಮಹಾರಾಣಿ’. ಆರು ವರ್ಷಗಳ ಹಿಂದೆ ತಂಗಿಗೆ ಬಂದ ಜ್ವರವೇನೋ ಹೋಯಿತು, ಸುಸ್ತು ಮಾತ್ರ ಅಲ್ಲೇ ಬೀಡುಬಿಟ್ಟಿತು. ಒಂದು ದಿನ ನಾಲ್ಕು ಅಂಗಿ ಹೊಲಿದರೆ ಮರುದಿನ ಸೂಜಿಗೆ ದಾರ ಪೋಣಿಸಲೂ ಅವಳ ಕೈ ಏಳುತ್ತಿರಲಿಲ್ಲ. ಆಗ ಅಕ್ಕನ ಕಣ್ಣು ತಪ್ಪಿಸಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚೂರುಬಟ್ಟೆಯ ಮೂಟೆಗೆ ತಲೆಯಿಟ್ಟು ಮಲಗುತ್ತಿದ್ದಳು. ಯಾವ ರಕ್ತಪರೀಕ್ಷೆ ಮಾಡಿಸಿದರೂ ಎಲ್ಲ ಸರಿಯಾಗಿದೆ ಎಂದೇ ಬರುತ್ತಿತ್ತು. ಸರಿಯಿದ್ದದ್ದೇ ತಪ್ಪಾಯಿತು ನೋಡಿ! ಮೈಗಳ್ಳತನಕ್ಕೊಂದು ನೆಪ ಎಂದು ಅಕ್ಕ ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದಳು.

ಇಂಥ ಸುಸ್ತಿನ ಬೇರು ದೇಹದಲ್ಲಿ ಎಲ್ಲಿದೆ ಎಂದು ಸಂಶೋಧನೆ ನಡೆಸುತ್ತಿದ್ದ ಆಸ್ಪತ್ರೆಯೊಂದು ಅವಳನ್ನು ಕರೆಯಿತು. ಜೊತೆಗೆ ಅಕ್ಕ ಗೊಣಗುತ್ತಲೇ ಹೊರಟಳು. ತಂಗಿ ಮಾಡಿದ ಎಡವಟ್ಟು ಒಂದೇ: ಅಲ್ಲಿ ಕುಸಿದುಬಿದ್ದು ಮಾನ ಹೋಗಬಾರದೆಂದು ಮೂರು ದಿನ ಮೊದಲಿನಿಂದಲೇ ಹಾಸಿಗೆ ಬಿಟ್ಟೇಳದೆ ಶಕ್ತಿ ಕೂಡಿಟ್ಟಿದ್ದಳು.

ಉಸಿರಳೆಯುವ ಮುಖವಾಡ ಕಟ್ಟಿಕೊಂಡು, ಇದ್ದಲ್ಲೇ ಇರುವ ಸೈಕಲ್ಲನ್ನು ತುಳಿದಳು. ಚೆನ್ನಾಗಿಯೇ ತುಳಿದಳು. ಪರದೆಯ ಮೇಲಿನ ಗೆರೆ ಆರೋಗ್ಯವಂತರ ಗೆರೆಯ ಜೊತೆಜೊತೆಗೇ ಏರಿತು. ಅಕ್ಕ ಹುಬ್ಬು ಹಾರಿಸಿದಳು. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆನಲ್ಲ, ಇನ್ನು ಸಾಯುವವರೆಗೂ ನಾನು ಮಹಾರಾಣಿಯೇ ಎಂದು ತಂಗಿ ಅಂದುಕೊಂಡಳು. ಮೂರು ದಿನ ಮಲಗಿದ್ದನ್ನು ಪರೀಕ್ಷೆ ನಡೆಸುತ್ತಿದ್ದ ಸಂಶೋಧಕಿಯ ಮುಂದೆ ಅಳುತ್ತ ಒಪ್ಪಿಕೊಂಡಳು.

ಆಕೆ ನಕ್ಕು, “ಬರೋರೆಲ್ಲ ಹಾಗೇ ಮಾಡ್ತಾರೆ. ಅದಕ್ಕೇ ನಾಳೆನೂ ಬರಬೇಕು” ಎಂದಳು.

ಮರುದಿನ ಅಕ್ಕ ಅವಳನ್ನು ರಟ್ಟೆ ಹಿಡಿದು ಕರೆತರಬೇಕಾಯಿತು. ಅದೇ ಸೈಕಲ್ಲು, ಅದೇ ಮುಖವಾಡ. ಗೆರೆ ಅರ್ಧದಲ್ಲೇ ಮಕಾಡೆ ಮಲಗಿತು. ಸಂಶೋಧಕಿ ಅಕ್ಕನಿಗೂ ಬಿಡಿಸಿ ಹೇಳಿದಳು: ಆರೋಗ್ಯವಂತರ ಗೆರೆ ಎರಡು ದಿನವೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಬೇಕೆಂದೇ ನಿಧಾನವಾಗಿ ತುಳಿದಿದ್ದರೆ ಉಸಿರೇ ಹೇಳಿಬಿಡುತ್ತಿತ್ತು, ಇವಳ ದೇಹವೇ ಶಕ್ತಿ ಒದಗಿಸಲು ಸೋಲುತ್ತಿದೆ. ಯಾಕೆ ಎಂಬುದನ್ನೇ ಹುಡುಕುತ್ತಿದ್ದಾರೆ, ಔಷಧ ಇನ್ನೂ ಇಲ್ಲ. ಔಷಧವಿಲ್ಲ ಎಂದು ಕೇಳಿಯೂ ತಂಗಿಯ ಜೀವಕ್ಕೆ ಹಾಯೆನಿಸಿತು. ಇಷ್ಟು ವರ್ಷ ತನ್ನನ್ನೇ ತಾನು ಅನುಮಾನಿಸಿದ್ದಳು ಪಾಪ, ಬಿಕ್ಕಿಬಿಕ್ಕಿ ಅತ್ತಳು.

ಅಕ್ಕ ಎರಡೂ ಗೆರೆಗಳನ್ನು ಬೆರಳಿಟ್ಟು ಅಳೆದಳು, ಮತ್ತೆ ಅಳೆದಳು. ಅಂಗಡಿಗೆ ಬಂದವಳೇ ಬಗ್ಗಿ, ಚೂರುಬಟ್ಟೆಯ ಮೂಟೆಯನ್ನು ಎಳೆದು ಮೇಜಿನ ಮೇಲಿಟ್ಟಳು.

“ನಂಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಇನ್ಮೇಲೆ ಕೆಳಗೆ ಕದ್ದು ಮಲಗಬೇಡ, ಮೇಲೇ ಮಲಗು. ಬಟ್ಟೆ ನಾನು ನೆಲದ ಮೇಲೆ ಕತ್ತರಿಸ್ಕೋತೀನಿ.”

ಮಹಾರಾಣಿ ಮೇಜು ಹತ್ತಿ, ಹಾಡಹಗಲಲ್ಲೇ, ಗಿರಾಕಿಗಳ ಎದುರಿಗೇ ಮಲಗಿದಳು.