ಸದ್ದು ತಿನ್ನುವ ಕಾಳು

"ಕಾಳು ಸದ್ದು ತಿಂತಾವ್ರೀ," ಎನ್ನುತ್ತಿದ್ದಳು ತುರೋರಿ ಊರಿನಲ್ಲಿ ನಮ್ಮ ನೆರೆಯಾಕೆ. ಭೂಕಂಪದಲ್ಲಿ ಹಳೆಯ ಮನೆ ಬಿದ್ದ ನಂತರ ಅವರದು ತಗಡಿನ ಮನೆ. ಹೆದ್ದಾರಿಯಲ್ಲಿ ಲಾರಿ ಹೋದಾಗೆಲ್ಲ ತಗಡು ನಡುಗಿ, ಭೂಮಿಯೇ ಅಲುಗಿತೆಂದು ಅವಳ ಅತ್ತೆ ಊಟ ಬಿಟ್ಟು ಹೊರಗೋಡುತ್ತಿದ್ದಳು. ಅದಕ್ಕೇ ಆಕೆ ರಸ್ತೆ ಕಡೆಯ ಗೋಡೆಗೆ ಜೋಳದ ಚೀಲಗಳನ್ನು ಒತ್ತಾಗಿ ಒಟ್ಟಿದಳು. ಜೋಳವೋ ತೊಗರಿಯೋ, ಈಗ ನನಗೇ ಅನುಮಾನ. ನಾನೂ ಕಿವಿಯಿಟ್ಟೆ, ಲಾರಿಯ ಸದ್ದು ಊರಾಚೆಯಿಂದ ಬಂದಂತಿತ್ತು.

ಅತ್ತೆ ಒಂದು ದಿನ ನೆಮ್ಮದಿಯಿಂದ ಉಂಡಳು. ಮರುದಿನ ತುತ್ತು ಹಿಡಿದೇ ಕೂತಳು. "ಏನೂ ಕೇಳ್ಸವಲ್ದು. ಖರೇನ ಭೂಮಿ ನಡುಗಿದ್ರ ನನಗ ಹ್ಯಾಂಗ ಗೊತ್ತಾಗ್ಬೇಕವ್ವಾ?"

"ಸದ್ದಾದ್ರೂ ಬೈತೀರಿ, ಆಗದಿದ್ರೂ ಬೈತೀರಿ, ಅತ್ತಿ," ಎನ್ನುತ್ತಲೇ ಸೊಸೆ ಅವಳ ಪಕ್ಕದ ಒಂದು ಚೀಲವನ್ನು ಗೋಡೆಯಿಂದ ಈಚೆ ಎಳೆದಳು. ಮುಂದಿನ ಲಾರಿಗೆ ಆ ಸಂದಿನಷ್ಟೇ ತಗಡು ಗಿಲಿಗುಟ್ಟಿತು.

ಮುದುಕಿ ಆಲಿಸಿದಳು. "ಲಾರಿ," ಎಂದು ತುತ್ತು ಬಾಯಿಗಿಟ್ಟಳು.