ಮೂರು ಸಲ ಬಿಚ್ಚಿದ ಬ್ಲಾಕ್

ಪಿಸ್ಟನ್ನಿನ ನೆತ್ತಿಯ ಮೇಲೊಂದು ಪುಟ್ಟ ಬಾಣದ ಗುರುತಿರುತ್ತದೆ. ಅದು ಬೈಕು ಹೋಗಬೇಕಾದ ದಿಕ್ಕು ಎಂದೇ ನಾನು ನಂಬಿದ್ದೆ. ಹೊಸ ಪಿಸ್ಟನ್ ಬೆಂಚಿನ ಮೇಲಿದ್ದಾಗ ಅದನ್ನು ನಮ್ಮ ಆಫೀಸಿನ ಕಡೆಗೆ ತಿರುಗಿಸಿಯೂ ಇಟ್ಟೆ. ಮಾವ ನೋಡಿ, "ಮನೆಗೆ ಹೆಂಗಪ್ಪ ಬರ್ತೀಯ, ರಿವರ್ಸಲ್ಲಾ?" ಎಂದರು. ಬಾಣ ಹೊಗೆ ಹೋಗುವ ಕಡೆಗಿರಬೇಕಂತೆ. ಪಾರ್ಸೆಲ್ ಹಂಚಿ ಸಂಬಳ ಎಣಿಸುವವನಿಗೆ ವಿಳಾಸ ಓದಲು ಬಂದರೆ ಸಾಕಲ್ಲ. ಎಂಜಿನ್ನಿಗೆ ಆಯಿಲ್ ಬೇಕೆಂಬುದು ನನಗೆ ಹೊಳೆದದ್ದು ಅದು ಸುಟ್ಟ ಮೇಲೆಯೇ.

ಮಾವ ಎಂದರೆ ಅಮ್ಮನ ಅಣ್ಣ, ಗ್ಯಾರೇಜಿನ ಹಳೆಯ ಮೆಕ್ಯಾನಿಕ್. ಎಂಜಿನ್ ಬಿಚ್ಚುವುದು, ತೊಳೆಯುವುದು, ಅಳತೆ ನೋಡುವುದು ಎಲ್ಲ ಅವರದೇ. ಪಿಸ್ಟನ್ ಕೂರಿಸಿ ಮೇಲೆ ಅದು ಓಡಾಡುವ ಕೊಳವೆಯ ಬ್ಲಾಕ್ ಇಳಿಸುವ ಹೊತ್ತಿಗೆ ಮಾತ್ರ ಎದ್ದು ಕೈ ತೊಳೆಯಲು ಹೋಗುತ್ತಾರೆ. ಅದು ಗ್ಯಾರೇಜಿನ ಜೊತೆಗಾರನ ಪಾಲು. ಒಂಬತ್ತು ವರ್ಷದಿಂದ ಹೀಗೆಯೇ.

ಒಂಬತ್ತು ವರ್ಷದ ಹಿಂದೆ ಅವರು ತಮ್ಮನ, ಅಂದರೆ ನನ್ನ ಚಿಕ್ಕ ಮಾವನ, ಬೈಕಿಗೆ ಪಿಸ್ಟನ್ ಹಾಕಿದ್ದರು. ಪಿಸ್ಟನ್ನಿನ ಪಿನ್ ಜಾರದಂತೆ ಎರಡೂ ತುದಿಗೆ ತಂತಿಯ ಸಣ್ಣ ಬಳೆ ಇರುತ್ತದೆ, ಲಾಕ್ ಅನ್ನುತ್ತಾರೆ. ತೆಗೆದ ಲಾಕನ್ನು ಮತ್ತೆ ಹಾಕಬಾರದು. ಮಾವ ಹಾಕಿದರು. ಓಟದಲ್ಲೇ ಅದು ಕಳಚಿ, ಪಿನ್ ಜರುಗಿ, ಎಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಟ್ಟಿತು. ಚಿಕ್ಕ ಮಾವ ಜೀವಸಹಿತ ಮನೆಗೆ ಬರಲಿಲ್ಲ. ಅವತ್ತು ಬಿಡಿಭಾಗದ ಅಂಗಡಿ ಮುಚ್ಚಿತ್ತು, ಮಾವನಾದರೂ ಏನು ಮಾಡಿಯಾರು ಎಂಬುದು ಮನೆಯವರೆಲ್ಲರ ಮಾತು.

ಈ ಸಲ ಜೊತೆಗಾರ ರಜೆ. ಮರುದಿನ ಬೈಕಿಲ್ಲದೆ ಹೋದರೆ ನನ್ನ ಕೆಲಸಕ್ಕೆ ಸಂಚಕಾರ. "ನಾನೇ ಮುಚ್ತೀನಿ ಬಿಡು" ಎಂದರು ಮಾವ, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ.

ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ, ಪಿನ್ ತೂರಿಸಿ, ಹೊಸ ಲಾಕ್ ಎರಡನ್ನೂ ಕೂರಿಸಿದರು. ಬಟ್ಟೆ ತೆಗೆದು, ರಿಂಗುಗಳನ್ನು ಬೆರಳಲ್ಲಿ ಅದುಮಿ ಬ್ಲಾಕ್ ಇಳಿಸಿದರು. ಕಿಕ್ಕರನ್ನು ಕೈಯಲ್ಲೇ ತಿರುಗಿಸಿ ಕಿವಿಗೊಟ್ಟರು. ಬಿಚ್ಚಿದರು. ಲಾಕ್ ಅಲ್ಲೇ ಇತ್ತು. ಮತ್ತೆ ಇಳಿಸಿದರು, ಮತ್ತೆ ಬಿಚ್ಚಿದರು. ಅಲ್ಲೇ ಇತ್ತು.

ನಡುನಡುವೆ ಅವರ ಬಲಗೈ ಪಕ್ಕಕ್ಕೆ ಚಾಚುತ್ತಿತ್ತು, ಸ್ಪ್ಯಾನರ್ ಕೊಡು ಎಂಬಂತೆ. ಅಲ್ಲೊಂದು ಸ್ಟೂಲಿದೆ, ಚಿಕ್ಕ ಮಾವ ಕೂರುತ್ತಿದ್ದದ್ದು, ಅದರ ಮೇಲೆ ಯಾರೂ ಎಣ್ಣೆಯ ಡಬ್ಬಿ ಕೂಡ ಇಡುವುದಿಲ್ಲ. ಖಾಲಿ ಕೈ ತುಸು ಕಾದು ಹಿಂದಕ್ಕೆ ಬರುತ್ತಿತ್ತು. ಮೂರನೇ ಸಲ ಬ್ಲಾಕ್ ಇಳಿಸಿದಾಗ ನೋಡಲಾರದೆ ಆ ಕೈಯಲ್ಲಿ ಸ್ಪ್ಯಾನರ್ ಇಟ್ಟೆ.

"ಬಂದ್ಯಾ?" ಎಂದರು, ತಿರುಗದೆ.

"ನಾನು, ಮಾವ."

"ಗೊತ್ತು ಬಿಡೋ." ಗೊತ್ತಿರಲಿಲ್ಲ.

ಆ ಸಲವೂ ಬಿಚ್ಚಿದರು. "ನನ್ ಕಣ್ಣಿನ್ ಮೇಲೆ ನಂಗೆ ನಂಬಿಕೆ ಇಲ್ಲ. ನೀನ್ ನೋಡು."

ದೊಡ್ಡ ಇಂಜಿನಿಯರನಂತೆ ಬಗ್ಗಿ ಉಗುರಾಡಿಸಿದೆ. "ಎರಡೂ ಕೂತಿವೆ, ಮಾವ."

"ಸರಿಯಾಗ್ ನೋಡ್ದ್ಯಾ?"

"ಓಡಿಸೋನು ನಾನೇ ಅಲ್ವಾ."

ಮಾವ ಬ್ಲಾಕನ್ನು ಎರಡೂ ಕೈಯಲ್ಲಿ ಪಿಸ್ಟನ್ನಿನ ಮೇಲೆ ಹಿಡಿದು ಹಾಗೇ ನಿಂತರು. ಇಳಿಸಲೊಲ್ಲರು. ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ನನ್ನ ಬಾಯಿಗೆ ಅಷ್ಟು ಯೋಗ್ಯತೆಯಿಲ್ಲ, ಹೊರಬಿದ್ದದ್ದು ಬೇರೆಯೇ ಮಾತು.

"ಅವತ್ತು ಅಂಗಡಿ ನಿಜವಾಗ್ಲೂ ಮುಚ್ಚಿತ್ತಾ, ಮಾವ?"

"ತೆಗೆದೇ ಇತ್ತು" ಎಂದರು, ಬ್ಲಾಕ್ ಇಳಿಸುತ್ತ. "ಎದ್ದು ಹೋಗೋಕೆ ಸೋಮಾರಿತನ."