ತುಳಸಿ ಕುಂಡಕ್ಕೆ ಬಿದ್ದ ಹಿಮಾಲಯ

ನಮ್ಮ ಫ್ರಿಜ್ಜಿನಲ್ಲಿದ್ದ ಹಿಮಾಲಯವನ್ನು ಕಳೆದ ವಾರ ನನ್ನ ಅವ್ವ ತುಳಸಿ ಕುಂಡಕ್ಕೆ ಸುರಿದುಬಿಟ್ಟಳು.

ತಮಾಷೆಯಲ್ಲ. ಚೆಂಬೂರಿನಲ್ಲಿರುವ ಅಕ್ಕನ ಮಗಳು ವಸಂತಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಹಿಮಾಲಯದ ಒಂದು ಸರೋವರದ ತಳದಿಂದ ತೆಗೆದ ಕೆಸರೇ ಅವಳ ಬಂಡವಾಳ. ಲ್ಯಾಬಿನ ಫ್ರಿಜ್ ಕೆಟ್ಟಿತೆಂದು ಬಾಟಲಿಗಳನ್ನು ಸಯನ್ನಿನ ನಮ್ಮ ಮನೆಗೆ ತಂದಿಟ್ಟಿದ್ದಳು. (ಇಡೀ ಬಿಲ್ಡಿಂಗಿಗೆ ನಮ್ಮದೊಂದೇ ಫ್ರಿಜ್. ಅದರಲ್ಲಿ ಯಾರ್‍ಯಾರ ದೋಸೆಹಿಟ್ಟು ಇದೆಯೋ!)

"ಹಿಮಾಲಯದ ಮಣ್ಣು ಉಳ್ಳಾಗಡ್ಡಿ ಬಾಜೂಕ ಇಡತಾರೇನು?" ಎಂಬುದು ಅವ್ವನ ವಾದ. ಸ್ನಾನ ಮಾಡಿ, ಮಡಿಯಲ್ಲೇ ಒಂದು ಬಾಟಲಿ ಖಾಲಿ ಮಾಡಿದ್ದಳು.

ವಸಂತಿ ಖಾಲಿ ಬಾಟಲಿ ಹಿಡಿದು ಕುಂಡದ ಪಕ್ಕ ಕುಳಿತಳು. ಅದರಲ್ಲಿದ್ದದ್ದು ಸರೋವರದ ಕೆಸರಿನ ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಹಳೆಯ ಪದರವಂತೆ. ಅದಿಲ್ಲದೆ ಥೀಸಿಸ್ಸಿನ ಮೊದಲ ಅಧ್ಯಾಯವೇ ಇಲ್ಲ. ಮತ್ತೆ ತರಲು ಅಷ್ಟು ದೂರ ಯಾರು ಕಳಿಸುತ್ತಾರೆ? ಕುಂಡದಿಂದ ಕೆರೆದರೆ ಸಯನ್ನಿನ ಮಣ್ಣೂ ಬೆರೆತು ಬರುತ್ತದೆ. ಬಾಟಲಿಯ ತಳಕ್ಕೆ ಒಂದು ಚಮಚೆಯಷ್ಟು ಅಂಟಿಕೊಂಡಿತ್ತು, ಅಷ್ಟೇ.

ಶನಿವಾರ ಅವಳ ಲ್ಯಾಬಿಗೆ ಹೋದೆವು. ಅವ್ವನೂ ಹಠ ಹಿಡಿದು ಬಂದಳು. ವಸಂತಿ ಆ ಕೆಸರನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಸಡಿಲಿಸಿ, ಸಣ್ಣ ಜರಡಿಯಲ್ಲಿ ಸೋಸಿ, ಮೈಕ್ರೋಸ್ಕೋಪಿನ ಕೆಳಗೆ ಹುಡುಕತೊಡಗಿದಳು. ಏನನ್ನು? ತಲೆಯನ್ನು!

ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ನೊಣವಿದೆ. ಅದರ ಮರಿಹುಳು ಕೆರೆಯ ಕೆಸರಿನಲ್ಲಿ ಬೆಳೆಯುತ್ತದೆ. ಮೈ ಕೊಳೆತರೂ ತಲೆಯ ಚಿಪ್ಪು ಕೊಳೆಯುವುದಿಲ್ಲ. ಗದ್ದದ ಹಲ್ಲಿನ ಸಾಲು ನೋಡಿ ಯಾವ ಜಾತಿ ಎಂದು ಗುರುತಿಸಬಹುದು. ಜಾತಿ ಗೊತ್ತಾದರೆ, ಆಗ ಸರೋವರದ ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ಎಂಬುದೂ ತಿಳಿಯುತ್ತದೆ.

ಮಧ್ಯಾಹ್ನ ಕಳೆಯಿತು. ಕೊನೆಗೆ ವಸಂತಿ ಸೂಜಿಯಿಂದ ಏನನ್ನೋ ಹೊರಳಿಸಿ, ನನ್ನನ್ನು ಕರೆದಳು. ಬಗ್ಗಿ ನೋಡಿದೆ. ಜೇನುಬಣ್ಣದ ಪುಟ್ಟ ತಲೆ. ಒಂದು ಹಲ್ಲೂ ಮುಕ್ಕಾಗಿಲ್ಲ. ಬಹುಶಃ ಜಗತ್ತಿನಲ್ಲಿ ಊರುಗಳೇ ಇಲ್ಲದಿದ್ದ ಕಾಲದ್ದು.

ಅವ್ವ ಕನ್ನಡಕ ತೆಗೆದು ಬಹಳ ಹೊತ್ತು ನೋಡಿದಳು. "ಇದರ ಹಲ್ಲು ಇನ್ನೂ ಗಟ್ಟಿ ಅದಾವಲ್ಲ, ವಸೂ" ಎಂದಳು. (ಅವ್ವನ ಸ್ವಂತದ್ದು ಒಂದೂ ಉಳಿದಿಲ್ಲ.)

"ಐಸಿನಂಥಾ ನೀರಾಗ ಇರೋ ಜಾತಿ, ಅಜ್ಜಿ" ಎಂದಳು ವಸಂತಿ. "ಒಂದೇ ತಲಿ ಮ್ಯಾಲ ಚಾಪ್ಟರ್ ಬರಿಯಾಕ ಆಗಂಗಿಲ್ಲ. ಆದ್ರ ಇದು ಅಲ್ಲಿ ಇತ್ತು ಅನ್ನೋದು ಪಕ್ಕಾ." ಅವಳ ಕಣ್ಣು ತುಂಬಿತ್ತು. ದುಃಖಕ್ಕೋ, ಸಂತೋಷಕ್ಕೋ.

ಮನೆಗೆ ಮರಳುವ ಬಸ್ಸಿನಲ್ಲಿ, ನಮ್ಮ ಸ್ಟಾಪ್ ಬರುವಾಗ ಅವ್ವ ಮೆಲ್ಲಗೆ, "ಹಂಗಾರ ನಮ್ಮ ಕುಂಡದಾಗ ಎಷ್ಟು ತಲಿ ಅದಾವೋ" ಎಂದಳು.

ಈಗ ದಿನಾ ಬೆಳಿಗ್ಗೆ ಅವ್ವ ನಮ್ಮ ತುಳಸಿಗೆ ಹಾಕುತ್ತಿರುವುದು ಫ್ರಿಜ್ಜಿನ ಐಸಿನಂಥ ನೀರು. ಬೇಡ ಎನ್ನಲು ನನಗೆ ಬಾಯಿ ಬರುತ್ತದೆಯೇ?